ಬಯಲು ನೆಲಕ್ಕೆ ಯಾವ ಲೆನ್ಸ್?

(ಬಾಗಲಕೋಟೆಯಲ್ಲಿ, ಹೊಸದಾಗಿ ಕ್ಯಾಮೆರಾ ಹಿಡಿದ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲಲ್ಲೇ ನಾಲ್ಕಾರು ಮಂದಿ ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು. "ಸರ್, ಲ್ಯಾಂಡ್‌ಸ್ಕೇಪ್ ತೆಗೀಬೇಕು, ಯಾವ ವೈಡ್ ಲೆನ್ಸ್ ತಗೊಳ್ಳೋಣ?" ವೈಡ್, ಅಂದರೆ ಅಗಲವಾದ ನೋಟ ಹಿಡಿಯುವ ಲೆನ್ಸೇ ಬೇಕು ಅಂತ ಮೊದಲೇ ನಿರ್ಧಾರ ಆಗಿಬಿಟ್ಟಿದೆ. ಯಾವ ಕಂಪನಿಯದ್ದು ಅನ್ನುವುದಷ್ಟೇ ಬಾಕಿ. ನಾನು ಆ ನಿರ್ಧಾರದ ಬಗ್ಗೆಯೇ ಮಾತಾಡಲು ಬಂದಿದ್ದೇನೆ. ವಿಜಯಪುರ, ಬಾಗಲಕೋಟೆ ಕಡೆಯ ಬಯಲಿನಲ್ಲಿ ಚಿತ್ರ ತೆಗೆಯುವವರು ಕ್ಯಾಮೆರಾದ ಜೊತೆಗೇ ಬರುವ 18-55 ಕಿಟ್ ಲೆನ್ಸ್ ಆದ ಮೇಲೆ ಮೊದಲು ಕೊಳ್ಳಬೇಕಾದದ್ದು ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಜೂಮ್ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವೈಡ್ ಆಮೇಲೆ ಬರಲಿ.

ನಾವೆಲ್ಲ ಲ್ಯಾಂಡ್‌ಸ್ಕೇಪ್ ಕಲಿಯುವುದು ಬೇರೆ ನೆಲದವರ ಚಿತ್ರ ನೋಡಿ. ಅಲ್ಲಿ ಕಾಲ ಬುಡದಲ್ಲಿ ಕಲ್ಲು, ನಡುವೆ ಸರೋವರ, ಎದುರಿಗೇ ಆಕಾಶಕ್ಕೆ ಎದ್ದ ಹಿಮದ ಬೆಟ್ಟ. ಅಂಥ ಕಡೆ ವೈಡ್ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಎರೆ ಹೊಲದ ಬದುವಿನ ಮೇಲೆ ನಿಂತು ನೋಡಿ. ಕಣ್ಣು ಹಾಯುವಷ್ಟು ದೂರ ನೆಲ ಸಮತಟ್ಟು. ಎಲ್ಲೋ ಒಂದು ಬೇವಿನ ಮರ, ಒಂದು ಬಣವೆ, ದೂರದಲ್ಲಿ ಊರು. ಮುಖ್ಯವಾದದ್ದೆಲ್ಲ ದೂರದಲ್ಲೇ ಇರುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. ಕಷ್ಟದ್ದಲ್ಲ. ನಿಮ್ಮ ಹತ್ತಿರ ಇರುವ ಬಹುತೇಕ ಕ್ಯಾಮೆರಾಗಳ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಎಪಿಎಸ್-ಸಿ ಅನ್ನುವ ಅಳತೆಯದ್ದು. ಅಗಲ ಸುಮಾರು 23.5 ಮಿ.ಮೀ., ಎತ್ತರ ಸುಮಾರು 15.6 ಮಿ.ಮೀ. ಕ್ಯಾನನ್‌ನಲ್ಲಿ ಇದಕ್ಕಿಂತ ಚೂರು ಚಿಕ್ಕದು. ಒಂದು ಕಿಲೋಮೀಟರ್ ದೂರದಲ್ಲಿ ನಿಮ್ಮ ಚೌಕಟ್ಟಿಗೆ ಎಷ್ಟು ಅಗಲದ ನೆಲ ಸಿಗುತ್ತದೆ? ಲೆನ್ಸಿನ ಫೋಕಲ್ ಲೆಂತ್ (ಈ ಮಿ.ಮೀ. ಅಂಕಿ ಕಡಿಮೆ ಇದ್ದಷ್ಟೂ ನೋಟ ಅಗಲ, ಹೆಚ್ಚಿದಷ್ಟೂ ದೂರದ್ದು ದೊಡ್ಡದು) 18 ಮಿ.ಮೀ. ಇಟ್ಟರೆ ಸುಮಾರು 1300 ಮೀಟರ್. 55ಕ್ಕೆ ತಿರುಗಿಸಿದರೆ 430 ಮೀಟರ್. 250 ಮಿ.ಮೀ. ಟೆಲಿಯಲ್ಲಿ 94 ಮೀಟರ್. ನೀವು ಕೇಳುತ್ತಿರುವ 10 ಮಿ.ಮೀ. ವೈಡ್ ಹಾಕಿದರೆ 2350 ಮೀಟರ್! ಅಷ್ಟಗಲ ನೆಲದಲ್ಲಿ ಆ ಒಂದು ಬೇವಿನ ಮರ ಎಲ್ಲಿ ಕಾಣಬೇಕು?

ಗೋಳಗುಮ್ಮಟವನ್ನೇ ತೆಗೆದುಕೊಳ್ಳಿ. ಅದರ ಎತ್ತರ ಸುಮಾರು 50 ಮೀಟರ್. ಎರಡು ಕಿಲೋಮೀಟರ್ ದೂರದ ಹೊಲದಲ್ಲಿ ನಿಂತು 18ರಲ್ಲಿ ತೆಗೆದರೆ, ಗುಮ್ಮಟ ನಿಮ್ಮ ಚಿತ್ರದ ಎತ್ತರದಲ್ಲಿ ಮೂವತ್ತೈದರಲ್ಲಿ ಒಂದು ಪಾಲು ಮಾತ್ರ. 10ರಲ್ಲಿ ತೆಗೆದರೆ ಅರವತ್ತರಲ್ಲಿ ಒಂದು ಪಾಲು. ಅದೇ ಜಾಗದಿಂದ 250ರಲ್ಲಿ ತೆಗೆದರೆ ಚಿತ್ರದ ಎತ್ತರದ ನೂರಕ್ಕೆ 40ರಷ್ಟನ್ನು ಗುಮ್ಮಟವೇ ತುಂಬುತ್ತದೆ. ಅಲ್ಲಿ ನಿಂತಾಗ ನಿಮ್ಮ ಕಣ್ಣಿಗೆ ಗುಮ್ಮಟ ದೊಡ್ಡದಾಗಿಯೇ ಕಂಡಿರುತ್ತದೆ, ಯಾಕಂದರೆ ಮನಸ್ಸು ಅದನ್ನೊಂದನ್ನೇ ಹಿಡಿದು ನೋಡುತ್ತಿರುತ್ತದೆ. ಮನೆಗೆ ಬಂದು ಚಿತ್ರ ತೆರೆದಾಗ "ನಾನು ನೋಡಿದ್ದು ಇದಲ್ಲವಲ್ಲ" ಅನಿಸುತ್ತದೆ. ಹೊಸಬರಿಗೆ ಆಗುವ ನಿರಾಸೆಗೆ ಬಹಳ ಸಲ ಇದೇ ಕಾರಣ. ಆಗ ಕ್ಯಾಮೆರಾ ಸರಿ ಇಲ್ಲ, ಲೆನ್ಸ್ ಸರಿ ಇಲ್ಲ ಅಂತ ಬೈಯುತ್ತೇವೆ. ಫೋಕಲ್ ಲೆಂತ್ ಆ ದೂರಕ್ಕೆ ತಕ್ಕದ್ದಾಗಿರಲಿಲ್ಲ, ಅಷ್ಟೇ.

ಗುಮ್ಮಟದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ, ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಹುಣ್ಣಿಮೆಯ ಸಂಜೆ ಸೂರ್ಯ ಮುಳುಗುವ ಹೊತ್ತಿಗೇ ಎದುರು ದಿಕ್ಕಿನಲ್ಲಿ ಚಂದ್ರ ಏಳುತ್ತಾನೆ. ಚಂದ್ರನ ಅಗಲ ಆಕಾಶದಲ್ಲಿ ಅರ್ಧ ಡಿಗ್ರಿ. ಅಂದರೆ ಒಂದು ಕಿಲೋಮೀಟರ್ ದೂರದ ವಸ್ತುವಿನ ಪಕ್ಕದಲ್ಲಿ ಅವನು 9 ಮೀಟರ್ ಅಗಲದವನಾಗಿ ಕಾಣುತ್ತಾನೆ, ಐದು ಕಿಲೋಮೀಟರ್ ದೂರದ ವಸ್ತುವಿನ ಪಕ್ಕದಲ್ಲಿ 45 ಮೀಟರ್. ಗೋಳಗುಮ್ಮಟದ ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಹಾಗಾಗಿ ಗುಮ್ಮಟದಿಂದ ಪಶ್ಚಿಮಕ್ಕೆ ಐದು ಕಿಲೋಮೀಟರ್ ಹೋಗಿ, ಅದು ಕಾಣುವ ಜಾಗ ಹುಡುಕಿ ನಿಂತರೆ, ಚಂದ್ರ ಮತ್ತು ಗುಮ್ಮಟ ಒಂದೇ ಅಳತೆಗೆ ಬರುತ್ತವೆ. ಹತ್ತಿರ ಹೋದಷ್ಟೂ ಗುಮ್ಮಟ ದೊಡ್ಡದಾಗುತ್ತದೆ, ಚಂದ್ರ ಇದ್ದಷ್ಟೇ ಇರುತ್ತಾನೆ. 250 ಮಿ.ಮೀ.ನಲ್ಲಿ ಚಂದ್ರ ಚಿತ್ರದ ಎತ್ತರದ ಏಳರಲ್ಲಿ ಒಂದು ಪಾಲು ಬರುತ್ತಾನೆ. ಚಿತ್ರಕ್ಕೆ ಅಷ್ಟು ಸಾಕು. ಯಾವ ತಿಂಗಳು ಚಂದ್ರ ಎಲ್ಲಿಂದ ಏಳುತ್ತಾನೆ ಅನ್ನುವುದನ್ನು ತೋರಿಸುವ ಮೊಬೈಲ್ ಆ್ಯಪ್‌ಗಳಿವೆ, ಅದನ್ನು ನೋಡಿ ಜಾಗ ಆರಿಸಿ. ವೈಡ್ ಲೆನ್ಸ್‌ನಲ್ಲಿ ಈ ಚಿತ್ರ ಬರುವುದೇ ಇಲ್ಲ. ಚಂದ್ರ ಒಂದು ಚುಕ್ಕೆ ಆಗಿಬಿಡುತ್ತಾನೆ.

ಈಗ ಲೆನ್ಸ್ ಬಗ್ಗೆ ಎಲ್ಲರೂ ತಪ್ಪು ತಿಳಿದಿರುವ ಒಂದು ವಿಷಯಕ್ಕೆ ಬರುತ್ತೇನೆ. ವೈಡ್ ಹಾಕಿದರೆ ಹಿಂದಿನ ಬೆಟ್ಟ ದೂರ ಹೋಗುತ್ತದೆ, ಟೆಲಿ ಹಾಕಿದರೆ ಹತ್ತಿರ ಬರುತ್ತದೆ ಅನ್ನುತ್ತಾರೆ. ಅದು ಲೆನ್ಸ್ ಮಾಡುವ ಕೆಲಸ ಅಲ್ಲ, ನಿಮ್ಮ ಕಾಲು ಮಾಡುವ ಕೆಲಸ. ಒಂದೇ ಜಾಗದಲ್ಲಿ ನಿಂತು 18ರಲ್ಲಿ ಒಂದು, 55ರಲ್ಲಿ ಒಂದು ಚಿತ್ರ ತೆಗೆಯಿರಿ. ಮನೆಯಲ್ಲಿ 18ರ ಚಿತ್ರದ ನಡುಭಾಗವನ್ನು ಕತ್ತರಿಸಿ 55ರ ಚಿತ್ರದ ಪಕ್ಕ ಇಟ್ಟು ನೋಡಿ. ಮರಕ್ಕೂ ಬೆಟ್ಟಕ್ಕೂ ಇರುವ ಅಳತೆ ಎರಡರಲ್ಲೂ ಒಂದೇ. ಜಾಗ ಬದಲಾದಾಗ ಮಾತ್ರ ಆ ಅಳತೆ ಬದಲಾಗುತ್ತದೆ.

ಬಾದಾಮಿಯಲ್ಲಿ ಇದನ್ನು ಚೆನ್ನಾಗಿ ಕಲಿಯಬಹುದು. ಅಗಸ್ತ್ಯ ತೀರ್ಥದ ಪೂರ್ವ ದಂಡೆಯಲ್ಲಿ ಭೂತನಾಥ ಗುಡಿ ಇದೆ, ಅದರ ಹಿಂದೆ ಕೆಂಪು ಮರಳುಗಲ್ಲಿನ ಬೆಟ್ಟ. ಗುಡಿಯ ಹತ್ತಿರ ಹೋಗಿ 18ರಲ್ಲಿ ತೆಗೆಯಿರಿ. ಗುಡಿ ಚೌಕಟ್ಟು ತುಂಬುತ್ತದೆ, ಬೆಟ್ಟ ಕುಗ್ಗಿ ಹಿಂದೆ ಸರಿಯುತ್ತದೆ. ಆಮೇಲೆ ಊರ ಕಡೆಯ ದಂಡೆಗೆ ವಾಪಸ್ ಬನ್ನಿ. ಅಲ್ಲಿಂದ 55ರಲ್ಲೋ 100ರಲ್ಲೋ ನೋಡಿ. ಗುಡಿಯ ಮೇಲೆ ಬೆಟ್ಟ ಎದ್ದು ನಿಲ್ಲುತ್ತದೆ, ಅಷ್ಟು ದೊಡ್ಡ ಬಂಡೆಯ ಬುಡದಲ್ಲಿ ಇಷ್ಟು ಪುಟ್ಟ ಗುಡಿ ಅನಿಸುತ್ತದೆ. ಅಲ್ಲಿಗೆ ಹೋದವರಿಗೆ ಮನಸ್ಸಿನಲ್ಲಿ ಉಳಿಯುವ ನೋಟ ಎರಡನೆಯದೇ ಅಲ್ವಾ? ಹೊತ್ತು ಯಾವುದು ಅನ್ನುವುದೂ ಮುಖ್ಯ. ಬೆಳಿಗ್ಗೆ ಸೂರ್ಯ ಗುಡಿಯ ಹಿಂದಿನಿಂದ ಬರುತ್ತಾನೆ. ಸಂಜೆ ಪಶ್ಚಿಮದ ಬೆಳಕು ನೇರ ಗುಡಿಯ ಮೇಲೆ, ಬಂಡೆಯ ಮೇಲೆ ಬೀಳುತ್ತದೆ. ಆಗ ಆ ಕಲ್ಲಿನ ಬಣ್ಣ ನೋಡಬೇಕು.

1855ರಲ್ಲಿ ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ ಅನ್ನುವ ಸೈನಿಕ ಅಧಿಕಾರಿ ವಿಜಾಪುರ, ಬಾದಾಮಿ, ಐಹೊಳೆಯಲ್ಲಿ ಕ್ಯಾಮೆರಾ ಇಟ್ಟು ಚಿತ್ರ ತೆಗೆದಿದ್ದರು. ಆಗ ನೆಗೆಟಿವ್ ಇದ್ದದ್ದು ಕಾಗದದ ಮೇಲೆ. ಜೂಮ್ ಅನ್ನುವುದೇ ಇರಲಿಲ್ಲ. ಸ್ಟಿಲ್ ಕ್ಯಾಮೆರಾಕ್ಕೆ ಜೂಮ್ ಲೆನ್ಸ್ ಮಾರುಕಟ್ಟೆಗೆ ಬಂದಿದ್ದು 1959ರಲ್ಲಿ. ಅಲ್ಲಿವರೆಗೆ ಚೌಕಟ್ಟು ಹೆಚ್ಚು ಕಡಿಮೆ ಮಾಡಬೇಕು ಅಂದರೆ ಬೇರೆ ಲೆನ್ಸ್ ಹಾಕಬೇಕಿತ್ತು, ಇಲ್ಲವೇ ಕ್ಯಾಮೆರಾ, ಸ್ಟ್ಯಾಂಡ್ ಎಲ್ಲ ಹೊತ್ತು ನಡೆಯಬೇಕಿತ್ತು. ನೀವೂ ಮೊದಲು ನಿಲ್ಲುವ ಜಾಗ ಆರಿಸಿ. ಆಮೇಲೆ ಆ ಜಾಗದಿಂದ ಎಷ್ಟು ಬೇಕೋ ಅಷ್ಟಕ್ಕೆ ಜೂಮ್ ತಿರುಗಿಸಿ.

ಕಿಟ್ ಲೆನ್ಸ್ ಬಗ್ಗೆ ಬಹಳ ಹುಡುಗರಿಗೆ ಕೀಳರಿಮೆ ಇದೆ. ಅದು ಬೇಡ. ಬೆಳಕು ಒಳಗೆ ಬರುವ ರಂಧ್ರವನ್ನು (ಅಪರ್ಚರ್) ಎಫ್/8ಕ್ಕೆ ಇಟ್ಟು, ಟ್ರೈಪಾಡ್ ಮೇಲೆ ಕೂರಿಸಿ ತೆಗೆದರೆ 18-55ರ ಚಿತ್ರ ದೊಡ್ಡ ಪ್ರಿಂಟ್‌ಗೂ ಸಾಕು. ಎಫ್/8 ಯಾಕೆ ಅಂದರೆ, ಇಂಥ ಲೆನ್ಸ್‌ಗಳು ಹೆಚ್ಚು ಸ್ಪಷ್ಟ ಚಿತ್ರ ಕೊಡುವುದು ಆ ಆಸುಪಾಸಿನಲ್ಲಿ. ಎಫ್/16, ಎಫ್/22ಕ್ಕೆ ಹೋದರೆ ಎಲ್ಲವೂ ಚೂಪಾಗುತ್ತದೆ ಅಂತ ಅಂದುಕೊಳ್ಳುತ್ತಾರೆ. ರಂಧ್ರ ತೀರಾ ಸಣ್ಣದಾದಾಗ ಬೆಳಕು ಅದರ ಅಂಚಿನಲ್ಲಿ ಹರಡಿಕೊಂಡು ಇಡೀ ಚಿತ್ರ ಸ್ವಲ್ಪ ಮಂಕಾಗುತ್ತದೆ. 18 ಮಿ.ಮೀ., ಎಫ್/8 ಇಟ್ಟು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದು ಮೀಟರ್‌ನಿಂದ ಹಿಡಿದು ದಿಗಂತದವರೆಗೆ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಬಹಳ ಕೆಲಸಕ್ಕೆ ಬರುತ್ತದೆ. 55ರಲ್ಲಿ ಹೀಗಾಗುವುದಿಲ್ಲ, ಅಲ್ಲಿ ಆ ದೂರ ಸುಮಾರು 19 ಮೀಟರ್ ಆಗುತ್ತದೆ. ಹಾಗಾಗಿ ಟೆಲಿ ಕಡೆ ಹೋದಂತೆ ಮುಂದಿನ ಹುಲ್ಲು, ಗಿಡಗಳನ್ನು ಚೌಕಟ್ಟಿನಿಂದ ಹೊರಗಿಡಿ.

ಟೆಲಿಯಲ್ಲಿ ಯಾವುದು? 55-200, 55-250, 70-300, ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಇಂಥದ್ದೊಂದು ಸಾಕು. ಅಂಗಡಿಯವರು 70-200 ಎಫ್/2.8 ತೋರಿಸುತ್ತಾರೆ. ಅದು ಒಳ್ಳೆಯ ಲೆನ್ಸೇ, ಅನುಮಾನ ಇಲ್ಲ. ಮದುವೆ ತೆಗೆಯುವವರಿಗೆ, ಆಟ ತೆಗೆಯುವವರಿಗೆ ಬೇಕು. ಆದರೆ ನಾವು ನೆಲದ ಚಿತ್ರ ತೆಗೆಯುವುದು ಎಫ್/8ರಲ್ಲಿ. ಎಫ್/2.8ಕ್ಕೆ ದುಡ್ಡು ಕೊಟ್ಟು, ಒಂದೂವರೆ ಕೆಜಿ ಹತ್ತಿರದ ಭಾರ ಹೊತ್ತು ಬಾದಾಮಿಯ ಕೋಟೆ ಹತ್ತುವುದು ಯಾಕೆ? 55-250 ಥರದ್ದು 400 ಗ್ರಾಂ ಆಸುಪಾಸು ತೂಗುತ್ತದೆ. ಉಳಿದ ದುಡ್ಡಿಗೆ ಗಟ್ಟಿ ಟ್ರೈಪಾಡ್ ತೆಗೆದುಕೊಳ್ಳಿ. ಟ್ರೈಪಾಡ್ ವಿಷಯದಲ್ಲಿ ಜಿಪುಣತನ ಮಾಡಬೇಡಿ.

ಈ ಲೆನ್ಸ್ ಹಾಕಿಕೊಂಡು ನಮ್ಮ ನೆಲವನ್ನು ನೋಡಿದರೆ ಬೇರೆಯೇ ಕಾಣುತ್ತದೆ. ಹಿಂಗಾರಿ ಜೋಳದ ಸಾಲುಗಳು ಒಂದರ ಹಿಂದೆ ಒಂದು ಒತ್ತಿಕೊಂಡು ನಿಲ್ಲುತ್ತವೆ. ಕುಸುಬೆ ಹೂ ಬಿಟ್ಟಾಗ ಅದರ ಕೇಸರಿ ಪಟ್ಟಿ, ಅದರಾಚೆ ಕಡಲೆಯ ಹಸಿರು, ಅದರಾಚೆ ಉತ್ತ ಎರೆಯ ಕಪ್ಪು. ಹತ್ತಿರ ನಿಂತು ವೈಡ್‌ನಲ್ಲಿ ತೆಗೆದರೆ ದೂರದ ಪಟ್ಟಿಗಳು ಗೆರೆಯಷ್ಟು ತೆಳ್ಳಗಾಗುತ್ತವೆ. ಸ್ವಲ್ಪ ಎತ್ತರದ ದಿಬ್ಬ ಹತ್ತಿ ಟೆಲಿಯಲ್ಲಿ ತೆಗೆದರೆ ಮೂರೂ ಬಣ್ಣ ಚಿತ್ರದಲ್ಲಿ ಗಟ್ಟಿಯಾಗಿ ಕೂರುತ್ತವೆ. ಆಲಮಟ್ಟಿಯ ಹಿನ್ನೀರು ಇಲ್ಲೇ ಬಾಗಲಕೋಟೆ ಪಕ್ಕದಲ್ಲಿ ಇದೆ. ಹಳೆಯ ಊರಿನ ದೊಡ್ಡ ಭಾಗ ಅದರಲ್ಲೇ ಮುಳುಗಿತು. ಆ ನೀರಿನ ಹರವನ್ನು ವೈಡ್‌ನಲ್ಲಿ ತೆಗೆದರೆ ಖಾಲಿ ಖಾಲಿ ಕಾಣುತ್ತದೆ. ಒಂದು ದೋಣಿ, ನೀರು ಇಳಿದಾಗ ಮೇಲೆ ಬರುವ ಒಣ ಮರ, ಚಳಿಗಾಲಕ್ಕೆ ಬಂದಿಳಿಯುವ ಹಕ್ಕಿಗಳ ಸಾಲು, ಇವನ್ನು ಟೆಲಿ ಹಿಡಿಯುತ್ತದೆ. ಇಷ್ಟೆಲ್ಲ ನಮ್ಮ ಮನೆಯ ಹತ್ತಿರವೇ ಇರುವಾಗ, ಮನಾಲಿಗೆ ಹೋದರೆ ಮಾತ್ರ ಲ್ಯಾಂಡ್‌ಸ್ಕೇಪ್ ಸಿಗುತ್ತದೆ ಅಂತ ಹುಡುಗರು ಹೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ.

ಟೆಲಿಗೆ ತನ್ನದೇ ತೊಂದರೆಗಳೂ ಇವೆ. ಫೆಬ್ರವರಿಯಿಂದ ಮೇವರೆಗೆ ಬಿಸಿಲೇರಿದ ಮೇಲೆ ಎರೆ ನೆಲದ ಮೇಲಿನ ಗಾಳಿ ಕುದಿಯುತ್ತದೆ. ದೂರದ್ದೆಲ್ಲ ನಡುಗಿದಂತೆ ಕಾಣುತ್ತದೆ. ಆಗ ಎಷ್ಟು ದೊಡ್ಡ ಲೆನ್ಸ್ ಇದ್ದರೂ ಚಿತ್ರ ಸ್ಪಷ್ಟವಾಗಿ ಬರುವುದಿಲ್ಲ. ಸೂರ್ಯ ಹುಟ್ಟುವಾಗ, ನೆಲ ತಣ್ಣಗಿರುವಾಗ ತೆಗೆಯಿರಿ. ಆಷಾಢದ ಗಾಳಿ ಇನ್ನೊಂದು ಕಾಟ. ಟ್ರೈಪಾಡಿನ ನಡುಗೋಲನ್ನು ಎತ್ತರಿಸಬೇಡಿ. ಕಾಲುಗಳನ್ನು ಗಿಡ್ಡ ಮಾಡಿ ಅಗಲಿಸಿ, ಗಾಳಿಗೆ ಬೆನ್ನು ಕೊಟ್ಟು ನೀವೇ ಅಡ್ಡ ನಿಲ್ಲಿ. ಕೈಯಲ್ಲೇ ಹಿಡಿದು 250ರಲ್ಲಿ ತೆಗೆಯುವುದಾದರೆ ಶಟರ್ 1/400 ಸೆಕೆಂಡಿಗಿಂತ ನಿಧಾನ ಆಗದಿರಲಿ. ಲೆನ್ಸ್‌ನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಇನ್ನಷ್ಟು ಕೆಳಗೆ ಹೋಗಬಹುದು. ಇನ್ನು ಪಟ್ಟದಕಲ್ಲು, ಬಾದಾಮಿಯಂಥ ರಕ್ಷಿತ ಸ್ಮಾರಕಗಳ ಆವರಣದೊಳಗೆ ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹೊರಗಿನ ದಂಡೆ, ರಸ್ತೆ, ಹೊಲಗಳಿಂದ ತೆಗೆಯಲು ಬರುವ ನೋಟಗಳೂ ಬೇಕಾದಷ್ಟಿವೆ.

ಹಾಗಾದರೆ ವೈಡ್ ಬೇಡವೇ ಬೇಡವೇ? ಬೇಕು, ಅದರ ಜಾಗದಲ್ಲಿ ಬೇಕು. ಬಾದಾಮಿಯ ಉತ್ತರದ ಕೋಟೆಗೆ ಹತ್ತುವಾಗ ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಹೋಗುತ್ತೀರಿ. ಎರಡೂ ಕಡೆ ಗೋಡೆಯಂತೆ ಕಲ್ಲು, ಮೇಲೆ ಆಕಾಶದ ಒಂದು ಪಟ್ಟಿ. ಹಿಂದೆ ಸರಿಯಲು ಜಾಗವೇ ಇಲ್ಲ. ಅಲ್ಲಿ 18 ಸಾಲುವುದಿಲ್ಲ. ಕ್ಯಾನನ್‌ನ 10-18, ನಿಕಾನ್‌ನ 10-20 ಇಂಥ ಕಡೆಗೇ ಇರುವುದು. ಎರಡೂ ಹಗುರ, ಎಪಿಎಸ್-ಸಿ ಕ್ಯಾಮೆರಾದವರಿಗಾಗಿಯೇ ಮಾಡಿದವು. ಖಾನಾಪುರದ ಕಾಡಿನೊಳಗೂ ಹಾಗೇ, ಮರ ಮೈಮೇಲೆ ಬರುವಷ್ಟು ಹತ್ತಿರ ಇರುತ್ತವೆ. ವೈಡ್ ಹಾಕಿದಾಗ ಒಂದೇ ನಿಯಮ: ಕಾಲಿನ ಹತ್ತಿರ ನೋಡುವಂಥದ್ದು ಏನಾದರೂ ಇರಬೇಕು. ಬಿರುಕು ಬಿಟ್ಟ ನೆಲ, ಮಳೆನೀರು ನಿಂತ ಕಲ್ಲಿನ ಗುಣಿ, ಉತ್ತ ಸಾಲು, ಯಾವುದಾದರೂ ಸರಿ. ಅದರ ಹತ್ತಿರ ಹೋಗಿ, ಬಗ್ಗಿ, ಒಂದು ಮೀಟರ್ ಒಳಗೆ ಕ್ಯಾಮೆರಾ ಇಡಿ. ಗುಡಿ, ಗುಮ್ಮಟಗಳ ಮುಂದೆ ವೈಡ್ ಹಿಡಿದು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಕ್ಯಾಮೆರಾ ನೆಟ್ಟಗೆ ಇಟ್ಟು, ದೂರದಿಂದ ತೆಗೆಯಿರಿ.

ವೈಡ್ ಕೊಳ್ಳುವ ಮೊದಲು ಒಂದು ಪ್ರಯೋಗ ಮಾಡಿ. ಕಿಟ್ ಲೆನ್ಸನ್ನೇ 18ಕ್ಕೆ ಇಟ್ಟು, ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ, ಎಡದಿಂದ ಬಲಕ್ಕೆ ಐದಾರು ಚಿತ್ರ ತೆಗೆಯಿರಿ. ಪ್ರತಿ ಚಿತ್ರ ಹಿಂದಿನದರ ಮೂರನೇ ಒಂದು ಭಾಗವನ್ನು ಹಂಚಿಕೊಂಡಿರಲಿ. ಎಕ್ಸ್‌ಪೋಷರ್, ಫೋಕಸ್ ಎರಡೂ ಬದಲಾಗದಂತೆ ಮ್ಯಾನ್ಯುವಲ್‌ನಲ್ಲಿ ಇಡಿ. ಕಂಪ್ಯೂಟರಿನಲ್ಲಿ ಜೋಡಿಸಿದರೆ ಯಾವ ವೈಡ್ ಲೆನ್ಸಿಗೂ ಕಡಿಮೆ ಇಲ್ಲದ ಅಗಲ ಸಿಗುತ್ತದೆ. ಗಾಳಿಗೆ ಬೆಳೆ ಓಲಾಡುವಾಗ, ನೀರು ಹರಿಯುವಾಗ ಮಾತ್ರ ಜೋಡಣೆ ಸರಿ ಬರುವುದಿಲ್ಲ.

ನೀರು ಅಂದಾಗ ಗೋಕಾಕ ನೆನಪಾಗದೆ ಇರುತ್ತದೆಯೇ? ಘಟಪ್ರಭಾ ಅಲ್ಲಿ 52 ಮೀಟರ್ ಕೆಳಗೆ ಬೀಳುತ್ತಾಳೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು ಕೆಂಪು ಮಿಶ್ರಿತ ಕಂದು ಬಣ್ಣ. ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ಹಾಕಿ ಹತ್ತಾರು ಸೆಕೆಂಡ್ ಶಟರ್ ತೆರೆದಿಟ್ಟು ನೀರನ್ನು ಹಾಲಿನಂತೆ ಮಾಡುವುದು ಈಗ ಎಲ್ಲರಿಗೂ ಇಷ್ಟ. ತುಂಬಿದ ಗೋಕಾಕಕ್ಕೆ ಅದು ಒಪ್ಪುವುದಿಲ್ಲ ಅನ್ನುತ್ತೇನೆ. ಆ ಕೆನ್ನೀರಿನ ರಭಸ ಎಲ್ಲ ಮಾಯವಾಗಿ ಮಡ್ಡಿಯಂತಾಗುತ್ತದೆ. 1/500ರಲ್ಲಿ ತೆಗೆದರೆ ನೀರಿನ ಒಂದೊಂದು ಗಡ್ಡೆಯೂ ಕಾಣುತ್ತದೆ. ಸ್ವಲ್ಪ ಹರಿವು ಬೇಕು ಅಂದರೆ ಕಾಲು ಸೆಕೆಂಡ್ ಸಾಕು. ಲೆನ್ಸ್ ಒರೆಸಲು ಒಣ ಬಟ್ಟೆ ಎರಡು ಮೂರು ಇಟ್ಟುಕೊಳ್ಳಿ, ತುಂತುರು ಬಿಡುವುದಿಲ್ಲ.

ಫಿಲ್ಟರ್‌ಗಳಲ್ಲಿ ನಾನು ಮೊದಲು ಹೇಳುವುದು ಪೋಲರೈಸರ್. ಒದ್ದೆ ಕಲ್ಲಿನ, ಎಲೆಯ ಮೇಲಿನ ಹೊಳಪು ತೆಗೆದು ಬಣ್ಣ ಹೊರಗೆ ತರುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಆಮೇಲೆ ಮಾಡಲು ಬರುವುದಿಲ್ಲ. ಸೂರ್ಯನಿಗೆ ಅಡ್ಡ ದಿಕ್ಕಿನಲ್ಲಿ, 90 ಡಿಗ್ರಿಯಲ್ಲಿ ಅದರ ಪರಿಣಾಮ ಜಾಸ್ತಿ. ಅದಕ್ಕೇ ವೈಡ್‌ನಲ್ಲಿ ಹಾಕಿದರೆ ಆಕಾಶದ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ ಬರುತ್ತದೆ. ಅಗಸ್ತ್ಯ ತೀರ್ಥದ ಮುಂದೆ ಹುಷಾರು, ನೀರಿನಲ್ಲಿ ಬಿದ್ದ ಗುಡಿಯ ಪ್ರತಿಬಿಂಬವನ್ನೂ ಅದು ಅಳಿಸಿಬಿಡಬಹುದು. ತಿರುಗಿಸುತ್ತಾ ನೋಡಿ. ನಿಮ್ಮ ಲೆನ್ಸ್‌ಗಳಲ್ಲಿ ಯಾವುದರ ಬಾಯಿ ದೊಡ್ಡದೋ ಅದರ ಅಳತೆಗೆ ಒಂದು ಫಿಲ್ಟರ್ ಕೊಂಡು, ಉಳಿದವಕ್ಕೆ, ಚಿಕ್ಕ ಬಾಯಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ತಂಗಿ ಕೇಳಿದಳು: "ಸರ್, ಸದ್ಯಕ್ಕ ನನ್ನ ಹತ್ರ ಮೊಬೈಲ್ ಅಷ್ಟ ಐತ್ರಿ. ಅದರಾಗ ಕಲಿಯಾಕ ಬರಂಗಿಲ್ಲೇನ್ರಿ?" ಖಂಡಿತ ಬರುತ್ತದೆ, ತಂಗಿ. ಬಹಳ ಮೊಬೈಲ್‌ಗಳ ಮುಖ್ಯ ಕ್ಯಾಮೆರಾ ಕಿಟ್ ಲೆನ್ಸಿನ 18ಕ್ಕೆ ಹತ್ತಿರವೇ ಇದೆ, ಅದಕ್ಕಿಂತ ಚೂರು ಅಗಲ. ನಿಲ್ಲುವ ಜಾಗ, ಹೊತ್ತು, ಬೆಳಕು ಇವನ್ನೆಲ್ಲ ಅದರಲ್ಲೇ ಕಲಿಯಬಹುದು. ನೀನು ಪದೇ ಪದೇ ಜೂಮ್ ಎಳೆಯುತ್ತೀಯಾ, ಇಲ್ಲಾ ಇನ್ನೂ ಅಗಲ ಬೇಕಿತ್ತು ಅಂತ ಹಿಂದೆ ಸರಿಯುತ್ತೀಯಾ, ಗಮನಿಸು. ಕ್ಯಾಮೆರಾ ಇರುವವರೂ ತಮ್ಮ ಹಳೆಯ ಚಿತ್ರಗಳ ಮಾಹಿತಿ ತೆರೆದು ನೋಡಿ. ಪ್ರತಿ ಚಿತ್ರದಲ್ಲೂ ಫೋಕಲ್ ಲೆಂತ್ ದಾಖಲಾಗಿರುತ್ತದೆ. ಇಷ್ಟವಾದ ಚಿತ್ರಗಳೆಲ್ಲ 55ರಲ್ಲೇ ಇದ್ದರೆ ಟೆಲಿ, 18ರಲ್ಲೇ ಇದ್ದರೆ ವೈಡ್. ಅಂಗಡಿಯವರನ್ನು ಕೇಳುವುದಕ್ಕಿಂತ ಇದು ಒಳ್ಳೆಯ ದಾರಿ.

50 ಎಫ್/1.8 ಬಗ್ಗೆಯೂ ಕೇಳಿದರು. ಮುಖದ ಚಿತ್ರಕ್ಕೆ ಅದ್ಭುತ ಲೆನ್ಸ್. ನೆಲದ ಚಿತ್ರಕ್ಕೆ ಅಂತಲೇ ಕೊಳ್ಳುವ ಅಗತ್ಯ ಇಲ್ಲ, 50 ನಿಮ್ಮ ಕಿಟ್ ಲೆನ್ಸಿನೊಳಗೇ ಇದೆ.

ಕೊನೆಗೆ ಸೆಕೆಂಡ್ ಹ್ಯಾಂಡ್. ಧೈರ್ಯವಾಗಿ ಕೊಳ್ಳಿ, ನೋಡಿ ಕೊಳ್ಳಿ. ಮೊದಲು ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜಾಗ, ಹೊಂದುತ್ತದೆಯೇ ನೋಡಿ. ಕ್ಯಾನನ್ ಆರ್‌ಎಫ್, ನಿಕಾನ್ ಜೆಡ್ ಅನ್ನುವ ಹೊಸ ಮೌಂಟ್‌ಗಳು ಎರಡೂ 2018ರಲ್ಲಿ ಬಂದವು. ಕ್ಯಾನನ್‌ನ ಹಳೆಯ ಇಎಫ್, ಇಎಫ್-ಎಸ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಆರ್‌ಎಫ್ ಕ್ಯಾಮೆರಾದಲ್ಲಿ ಬಳಸಬಹುದು. ಆರ್‌ಎಫ್ ಲೆನ್ಸ್ ಹಳೆಯ ಕ್ಯಾಮೆರಾಕ್ಕೆ ಕೂರುವುದಿಲ್ಲ. ನಿಕಾನ್‌ನ ಡಿ3500 ಥರದ ಕ್ಯಾಮೆರಾಗಳೊಳಗೆ ಫೋಕಸ್ ಮೋಟರ್ ಇಲ್ಲ. ತನ್ನೊಳಗೂ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ನಿಮ್ಮದೇ ಕ್ಯಾಮೆರಾ ತೆಗೆದುಕೊಂಡು ಹೋಗಿ, ಅದಕ್ಕೇ ಹಾಕಿ ನೋಡಿ. ಮೊಬೈಲ್ ಟಾರ್ಚನ್ನು ಲೆನ್ಸಿನ ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ಇಣುಕಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಒಳಗೆ ಒಂದೆರಡು ದೂಳಿನ ಕಣ ಇದ್ದರೆ ಚಿಂತೆ ಇಲ್ಲ. ಜೂಮ್ ತಿರುಗಿಸುವಾಗ ಮರಳು ಕರಕರ ಅಂದರೆ ಬೇಡ. ಆಮೇಲೆ ಎದುರಿನ ಇಟ್ಟಿಗೆ ಗೋಡೆಯನ್ನು ನೇರ ನಿಂತು ಎಫ್/8ರಲ್ಲಿ ತೆಗೆದು, ನಾಲ್ಕೂ ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಂಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದಿರುವ ಸಾಧ್ಯತೆ ಇದೆ. ನಾಲ್ಕೂ ಒಂದೇ ಥರ ಇದ್ದರೆ ದರ ಮಾತಾಡಿ.